ಚಾಕಿಯ ಕೂಲಿ

ಬುದ್ಧಿ ಹೇಳುವುದಕ್ಕೂ ಫೀಜು ತೆಗೆದುಕೊಳ್ಳುವವನೊಬ್ಬ ರಾಮನಗರದಲ್ಲಿದ್ದಾನೆ ಎಂದು ಕೇಳಿದಾಗ ಶಿವಲಿಂಗಮ್ಮನಿಗೆ ನಗು ಬಂದಿತ್ತು. ಬುದ್ಧಿ ಹೇಳುವವರಿಗೆ ಅವಳ ಊರಲ್ಲೇನು ಬರವೇ? ಕೈಗಾರಿಕಾ ಪ್ರದೇಶಕ್ಕೆಂದು ಅವಳ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ ಹೋಗಿ, ಇಪ್ಪತ್ತೆರಡು ಲಕ್ಷ ಪರಿಹಾರ ಬ್ಯಾಂಕಿಗೆ ಬಂದ ದಿನದಿಂದ ಬುದ್ಧಿಯ ಸುಗ್ಗಿಯೋ ಸುಗ್ಗಿ. ಕೈಲಾಂಚದ ಬಸ್ಸಿನ ಕಂಡಕ್ಟರು ಕೂಡ ಟಿಕೆಟ್ ಹರಿಯುತ್ತ, "ಒಂದ್ ಸೈಟ್ ತಗೊಂಡ್ಬುಡವ್ವ" ಎಂದಿದ್ದ. ಅವಳಂತೆಯೇ ಪರಿಹಾರ ಪಡೆದು ಊರವರ ಬುದ್ಧಿ ಕೇಳಿದ ದಾಸಪ್ಪನ ಮನೆ ಮುಂದೆ ಬಿಳೀ ಕಾರು ನಿಂತಿತ್ತು. ಡೀಸೆಲ್ಲಿಗೆ ದುಡ್ಡಿಲ್ಲದೆ ನಿಂತೇ ಇತ್ತು.

ಶಿವಲಿಂಗಮ್ಮ ಗಟ್ಟಿ ಹೆಂಗಸು. ಗಂಡ ರಾಮಲಿಂಗಯ್ಯ ತೀರಿಕೊಂಡು ಒಂಬತ್ತು ವರ್ಷ. ರೇಷ್ಮೆಹುಳು ಸಾಕಿಯೇ ಮಗಳ ಮದುವೆ ಮಾಡಿದ್ದಳು. ಈಗ ಉಳಿದದ್ದು ಅರ್ಧ ಎಕರೆ ಸೊಪ್ಪು, ಒಂದು ಹುಳುಮನೆ, ಮತ್ತು ಆ ದುಡ್ಡು. ದುಡ್ಡು ಕರಗಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನದೇ ತೋಟದ ಮೇಲೆ ಏಳುತ್ತಿದ್ದ ಫ್ಯಾಕ್ಟರಿಗೆ ಪೊರಕೆ ಹಿಡಿದು ಕಸ ಗುಡಿಸಲು ಹೋಗಬೇಕು. ಅದೊಂದು ಮಾತ್ರ ಆಗಕೂಡದು ಎಂದು ಹಲ್ಲು ಕಚ್ಚಿ ನಿಶ್ಚಯಿಸಿದ್ದಳು.

ಆ ಫೀಜಿನವನ ಹೆಸರು ಅನಂತರಾಜು. ಬ್ಯಾಂಕಿನ ಕೆಲಸ ಬಿಟ್ಟು, ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹತ್ತಿರದ ಒಂದು ಮಹಡಿಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ. ಕಳೆದ ವಾರ ಗೂಡು ಮಾರಿದವಳು ಹಾಗೇ ಮೆಟ್ಟಿಲು ಹತ್ತಿದ್ದಳು. "ದುಡ್ಡು ಎಲ್ಲೆಲ್ಲಿ ಎಷ್ಟೆಷ್ಟು ಹಾಕಬೇಕು ಅಂತ ನಾನು ನೋಡ್ಕೋತೀನಮ್ಮ. ವರ್ಷಕ್ಕೆ ನೂರಕ್ಕೆ ಒಂದು ಕೊಡಿ" ಎಂದಿದ್ದ. ಇಪ್ಪತ್ತೆರಡು ಸಾವಿರ! ಮೆಟ್ಟಿಲಿಳಿಯುವಷ್ಟರಲ್ಲಿ ಅವಳ ನಗು ಇಂಗಿಹೋಗಿತ್ತು. ಆದರೂ ಅವನು ಯಾವ ಕಾಗದಕ್ಕೂ ರುಜು ಕೇಳಿರಲಿಲ್ಲ, ಯೋಚನೆ ಮಾಡಿ ಬನ್ನಿ ಎಂದಿದ್ದ. ಆ ಮಾತು ಮನಸ್ಸಿನಲ್ಲಿ ಕೂತಿತ್ತು.

ಇವತ್ತು ಬೆಳಿಗ್ಗೆ ಮೈದುನ ಬಾಲರಾಜು ಫಾರಂ ತಂದು ಜಗಲಿಯ ಮೇಲೆ ಹರಡಿದ್ದ. ರುಜು ಹಾಕುವ ಕಡೆಯಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿಯೂ ಆಗಿತ್ತು.

"ಇಪ್ಪತ್ತು ಲಕ್ಷ ಈ ಪಾಲಿಸಿಗೆ ಹಾಕ್ಬುಡು ಅತ್ಗೆ. ಹತ್ತೊರ್ಸ ಮುಟ್ಟಂಗಿಲ್ಲ, ಆಮೇಲೆ ಡಬ್ಬಲ್."

"ಹತ್ತೊರ್ಸ ನಾನೇನ್ ತಿನ್ಲಪ್ಪ?"

"ನಾವಿಲ್ವಾ? ಆ ರಾಮನಗರದೋನು ಬಾಯ್ಮಾತಿಗೆ ದುಡ್ಡು ಕೇಳ್ತಾನೆ. ನಾನು ಪುಕ್ಸಟ್ಟೆ ಓಡಾಡ್ತಾ ಇವ್ನಿ."

"ಇದ್ರಾಗೆ ನಿಂಗೇನ್ ಸಿಕ್ತದೆ?"

"ನಂಗೇನ್ ಸಿಕ್ತದೆ? ಅಣ್ಣನ ಮನೆ ಉದ್ಧಾರ ಆದ್ರೆ ಸಾಕು" ಎಂದು ಬಾಲರಾಜು ಪೆನ್ನು ಮುಂದೆ ಹಿಡಿದ. ಕಣ್ಣು ಮಾತ್ರ ಫಾರಮ್ಮಿನ ಮೇಲೇ ಇತ್ತು.

ಶಿವಲಿಂಗಮ್ಮ ಪೆನ್ನು ತೆಗೆದುಕೊಂಡಳು. ಎದುರಿಗೆ ಹುಳುಮನೆಯ ಬಾಗಿಲು ತೆರೆದಿತ್ತು. ತೊಳೆದ ತಟ್ಟೆಗಳು ಬಿಸಿಲಿಗೆ ಒಣಗುತ್ತಿದ್ದವು. ನಾಳೆ ಸರಸಮ್ಮನ ಚಾಕಿ ಕೇಂದ್ರದಿಂದ ಹುಳು ಬರಬೇಕಿತ್ತು. ಮೊಟ್ಟೆಯೊಡೆದ ಹುಳು ಕೂದಲೆಳೆಯಷ್ಟಿರುತ್ತದೆ. ಅದನ್ನು ಎರಡು ಸಲ ಪೊರೆ ಬಿಡುವವರೆಗೆ, ರೈತರ ಮಾತಿನಲ್ಲಿ ಎರಡನೇ ಜ್ವರದವರೆಗೆ, ಸಾಕಿಕೊಡುವುದು ಚಾಕಿಯವರ ಕೆಲಸ. ಅದಕ್ಕೆ ಕೂಲಿ ಕೊಟ್ಟು ಹುಳುವನ್ನು ಮನೆಗೆ ತರುವುದು.

ಗಂಡ ಸತ್ತ ವರ್ಷ ಅವಳು ಆ ಕೂಲಿ ಕೊಟ್ಟಿರಲಿಲ್ಲ. ಆರುನೂರು ರೂಪಾಯಿ ಉಳಿಸುವ ಹಟಕ್ಕೆ ಬಿದ್ದು, ಮೊಟ್ಟೆ ತಂದು ತಾನೇ ಚಾಕಿ ಕಟ್ಟಿದ್ದಳು. ಎಳೇ ಸೊಪ್ಪು ಹಾಕಬೇಕಾದಲ್ಲಿ ಬಲಿತದ್ದು ಹಾಕಿದಳು. ತಟ್ಟೆಯ ತೇವ ಕಾಯಲಿಲ್ಲ. ಐದನೇ ದಿನ ಸತ್ತುಬಿದ್ದ ಅಷ್ಟೂ ಹುಳುವನ್ನು ತಿಪ್ಪೆಗುಂಡಿಗೆ ಸುರಿದಳು. ಅದಕ್ಕಿಂತ ಕೆಟ್ಟದ್ದನ್ನು ಆಮೇಲೆ ಮಾಡಿದಳು. ಪಕ್ಕದ ಟೊಮ್ಯಾಟೊಗೆ ಬಾಲರಾಜು ಹೊಡೆದ ಔಷಧಿ ಸೊಪ್ಪಿಗೆ ಬಿದ್ದು ಹುಳು ಸತ್ತವೆಂದು ಊರಿಗೆಲ್ಲ ಹೇಳಿದಳು. ಊರು ನಂಬಿತು. ಗಂಡ ಸತ್ತ ಅತ್ತಿಗೆಯ ಹೊಟ್ಟೆ ಮೇಲೆ ಹೊಡೆದವನೆಂಬ ಹೆಸರು ಅವನಿಗೆ ಅಂಟಿತು. ಪಾಪ, ಬಾಲರಾಜು ಕೂಡ ತಾನೇ ಕೊಂದೆನೆಂದು ನಂಬಿ, ಅವಳ ಬೋರಿನ ಮೋಟಾರು ಕೆಟ್ಟಾಗಲೆಲ್ಲ ಕರೆಯದೆಯೇ ಓಡಿಬರುತ್ತಿದ್ದ.

ಅದೆಲ್ಲ ನೆನೆದು ಅವಳಿಗೆ ನಾಚಿಕೆಯಾಯಿತು. ಪೆನ್ನು ಕೆಳಗಿಟ್ಟಳು.

"ಬಾಲ್ರಾಜ, ಆವತ್ತು ಹುಳ ಸತ್ತಿದ್ದು ನಿನ್ ಔಷ್ದಿಯಿಂದ ಅಲ್ಲ ಕಣಪ್ಪ. ಚಾಕಿ ದುಡ್ಡು ಉಳ್ಸಕ್ಕೋಗಿ ನಾನೇ ಸಾಯಿಸ್ದೆ. ಮಾನ ಹೋಯ್ತದೆ ಅಂತ ನಿನ್ ಮ್ಯಾಲೆ ಹಾಕ್ಬುಟ್ಟೆ."

ಬಾಲರಾಜುವಿನ ಮುಖ ಕೆಂಪೇರಿತು, ಆಮೇಲೆ ಇಳಿಯಿತು. ಫಾರಂಗಳನ್ನು ಒಂದೊಂದಾಗಿ ಮಡಿಸಿದ.

"ಇದ್ರಾಗೆ ನಂಗೆ ನಲವತ್ತು ಸಾವ್ರ ಕಮಿಷನ್ ಬತ್ತಿತ್ತು ಅತ್ಗೆ. ಈಗ್ಲೂ ಹೇಳ್ದೆ ಇದ್ರೆ ನಾನೂ ನಿನ್ನಂಗೇ ಆಯ್ತೀನಿ."

ಆ ಮಾತು ಚುಚ್ಚಿತು. ಚುಚ್ಚಲಿ ಎಂದುಕೊಂಡಳು.

"ಗಾಡಿ ತೆಗಿ. ರಾಮನಗರಕ್ಕೆ ಹೋಗವ."

"ಬತ್ತೀನಿ. ಆದ್ರೆ ಈಗ ಹೇಳಿದ್ ಮಾತ ಊರೋರ ಮುಂದೆ ಹೇಳ್ಬೇಕು ನೀನು."

"ಹೇಳ್ತೀನಿ" ಎಂದಳು.

ಅನಂತರಾಜುವಿನ ಮೇಜಿನ ಮುಂದೆ ಅವಳು ಸೆರಗು ಸಿಕ್ಕಿಸಿಕೊಂಡು ಕೂತಳು.

"ನೋಡಿ ಸ್ವಾಮಿ, ಚಾಕಿಯೋಳು ನೂರ್ ಮೊಟ್ಟೆಗೆ ಇಷ್ಟು ಅಂತ ಕೂಲಿ ಈಸ್ಕೊತಾಳೆ. ನಮ್ ಗೂಡಲ್ಲಿ ಪಾಲು ಕೇಳಕಿಲ್ಲ. ಎರಡ್ನೇ ಜ್ವರ ಎದ್ಮ್ಯಾಲೆ ಹುಳ ನಮ್ದು. ನೀವೂ ಹಂಗೇ ಮಾಡ್ಬೇಕು. ನೂರಕ್ಕೆ ಒಂದು ಗಿಂದು ಆಗಕಿಲ್ಲ. ಆರ್ ತಿಂಗ್ಳಿಗೆ ಎಷ್ಟು, ಒಂದೇ ಮಾತು ಹೇಳಿ. ಅಷ್ಟ್ರಲ್ಲಿ ನಂಗೆ ಎಲ್ಲಾ ಕಲ್ಸಿಕೊಡಿ. ಪಾಸ್‌ಬುಕ್ಕು ನನ್ ತಾವೇ ಇರ್ತದೆ. ಇನ್ಯಾರ ತಾವೂ ಕಮಿಷನ್ ಮುಟ್ಟಕಿಲ್ಲ ಅಂತ ಬರ್ದುಕೊಡಿ."

ಅನಂತರಾಜು ಕನ್ನಡಕ ತೆಗೆದು ಒರೆಸಿದ. "ಹೀಗೆ ಯಾರೂ ಕೇಳಿರಲಿಲ್ಲಮ್ಮ" ಎಂದ. ಎಂಟು ಸಾವಿರದಿಂದ ಶುರು ಮಾಡಿದವನನ್ನು ಅವಳು ಆರಕ್ಕೆ ತಂದು ನಿಲ್ಲಿಸಿದಳು. ಅವನು ಬರೆದುಕೊಟ್ಟ, ಬಾಲರಾಜು ಅದನ್ನು ಎರಡು ಸಲ ಓದಿ ತಲೆಯಾಡಿಸಿದ.

"ಈಗ ಹೇಳಿ, ಈ ದುಡ್ಡಿನಿಂದ ನಿಮಗೇನಾಗಬೇಕು?" ಎಂದು ಅನಂತರಾಜು ಕೇಳಿದ. ಇಷ್ಟು ದಿನ ಬುದ್ಧಿ ಹೇಳಿದವರಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

"ಒಂದೆಕರೆ ಸೊಪ್ಪಿನ ತೋಟ. ಅದು ಸಿಗೋಗಂಟ ಹುಳಕ್ಕೆ ಸೊಪ್ಪು ಕೊಂಡ್ಕೊಳ್ಳಕ್ಕೆ ತಿಂಗ್ಳಾ ತಿಂಗ್ಳಾ ದುಡ್ಡು ಬರ್ಬೇಕು. ಅಷ್ಟೇಯ."

ಸಂಜೆ ಊರಿಗೆ ಬಂದಾಗ ಹಾಲಿನ ಡೇರಿಯ ಮುಂದೆ ಅರ್ಧ ಊರು ಕ್ಯಾನು ಹಿಡಿದು ಸಾಲು ನಿಂತಿತ್ತು. ಬಾಲರಾಜು ಎಂದಿನಂತೆ ತಲೆ ತಗ್ಗಿಸಿ ದಾಟಿಹೋಗುವುದರಲ್ಲಿದ್ದ. ಅವಳೇ ಹಿಂದಿನಿಂದ ಅವನ ಹೆಗಲು ಅದುಮಿದಳು.

"ನಿಲ್ಸು."

ಇಳಿದು ಸೀರೆ ಸರಿಮಾಡಿಕೊಂಡಳು. ದನಿಯೆತ್ತಿ ಕರೆದಳು.

"ಎಲ್ಲಾರೂ ಒಸಿ ಇತ್ತ ಕೇಳ್ರಪ್ಪ. ಒಂಬತ್ತೊರ್ಸದ ಹಿಂದೆ ನಮ್ಮನೆ ಹುಳ ಸತ್ವಲ್ಲ…"

ದಾಸಪ್ಪ ಕ್ಯಾನು ಕೆಳಗಿಟ್ಟ. ಅವಳು ಪೂರ್ತಿ ಹೇಳಿದಳು, ಆರುನೂರು ರೂಪಾಯಿಯನ್ನೂ ಬಿಡದೆ. ಮುಗಿಸಿ ತಿರುಗಿ ನೋಡಿದಾಗ ಬಾಲರಾಜು ಗಾಡಿಯ ಮೇಲೆ ಕೂತೇ ಇದ್ದ, ಡೇರಿಯ ಕಡೆಗೆ ಮುಖವೆತ್ತಿ.