ಚೊಯುನ್ ಆಡದ ಮಾತು

ಸಾವಿನ ಏಳನೆಯ ದಿನದ ಊಟ ಮುಗಿಸಿ ನೆಂಟರು ಹೊರಟುಹೋದರು. ಮರುದಿನ ಬೆಳಿಗ್ಗೆ ಹಸು ಕರೆದೆ, ಒಲೆ ಹಚ್ಚಿದೆ. ಹಾಲಿನ ಚಹಾಕ್ಕೆ ಎಂದಿನಂತೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗಲಿಲ್ಲ. ಅತ್ತೆ ಕುಡಿದು ಬಟ್ಟಲು ಕೆಳಗಿಟ್ಟರು.

ಹಿಂದಿನ ಸಂಜೆಯಿಂದ ಮಳೆ ಸುರಿದಿತ್ತು. ನಡುರಾತ್ರಿ ಅದು ಹರಳುಹರಳಾಗಿ ಬಿದ್ದು, ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಹಿಮವಾಯಿತು. ಅಕ್ಟೋಬರ್ ಇನ್ನೂ ಮುಗಿದಿರಲಿಲ್ಲ. ದೂರದ ಬಯಲಲ್ಲಿ ಕೊಯ್ದಿಟ್ಟ ಹುಲ್ಲನ್ನು ಮನೆಗೆ ತರುವ ಮೊದಲೇ ನನ್ನ ಗಂಡ ಮೆಡೆರ್ ಸತ್ತಿದ್ದ. ಹಿಮದಡಿಯ ಹುಲ್ಲನ್ನು ಮಂಜುಗಡ್ಡೆ ಮುಚ್ಚಿತ್ತು. ನಮ್ಮ ಕುರಿಗಳು ಕೆರೆದು ಕೆರೆದು, ಕಾಲಲ್ಲಿ ರಕ್ತ ಬಂದ ಮೇಲೆ ಸುಮ್ಮನೆ ನಿಂತವು.

“ಕುದುರೇನ ಮುಂದೆ ಬಿಡು,” ಅಂದರು ಅತ್ತೆ. “ಅದರ ಗೊರಸು ಒಡೆದ ಕಡೆ ಕುರಿ ಮೇಯ್ತಾವೆ.”

ಕುದುರೆ ಎದುರು ಗುಡ್ಡದಲ್ಲಿ ಕುರಿ ಮೇಯಿಸುವ ಚೊಯುನನದು. ನಮ್ಮದು ಕುಂಟುತ್ತಿದೆಯೆಂದು ಮೆಡೆರ್ ಕೇಳಿ ತಂದಿದ್ದ.

“ಅದು ನಮ್ಮದಲ್ಲ, ಅತ್ತೆ.”

“ಇವನಿಂದ ಯಾರಿಗಾದ್ರೂ ಏನಾದ್ರೂ ಬರೋದಿದೆಯಾ, ಇದ್ರೆ ಕೇಳಿ, ಇಲ್ಲಾ ಬಿಟ್ಟೆ ಅನ್ನಿ ಅಂತ ಹೆಣದ ಮುಂದೆ ಕೇಳಿದ್ರಲ್ಲ, ಚೊಯುನ್ ಬಾಯಿಬಿಟ್ನಾ? ಸುಮ್ಮನಿದ್ದ ಅಂದ್ರೆ ಬಿಟ್ಟುಕೊಟ್ಟ ಅಂತ.”

“ಬಿಟ್ಟೆ ಅಂತಾನೂ ಅನ್ನಲಿಲ್ಲ.”

“ಬಿಷ್ಕೆಕ್ ಪಟ್ಟಣದಲ್ಲಿ ಐದು ವರ್ಷ ಓದಿ ಕಲಿತದ್ದು ಇದೇನಾ? ಹೋಗು, ಕುರಿಗಳಿಗೂ ಪಾಠ ಹೇಳು, ಹೊಟ್ಟೆ ತುಂಬುತ್ತೆ.”

ಹೆಣ ಎತ್ತುವ ದಿನ ನಾನು, ನಮ್ಮ ಹೆಂಗಸರ ರೂಢಿಯಂತೆ, ಸಾವಿಗೆಂದು ಹಾಕಿದ ಗುಡಾರದ ಕಂಬಳಿಗೋಡೆಗೆ ಮುಖಮಾಡಿ ಅಳುತ್ತಿದ್ದೆ. ಹೊರಗೆ ಒಬ್ಬೊಬ್ಬರೂ “ಬಿಟ್ಟೆ, ಬಿಟ್ಟೆ” ಎನ್ನುವುದು ಕೇಳುತ್ತಿತ್ತು. ಚೊಯುನ್ ಒಮ್ಮೆ ಕೆಮ್ಮಿದ, ಅಷ್ಟೆ.

ಕುದುರೆಯನ್ನು ಕುರಿಗಳ ಮುಂದೆ ಬಿಟ್ಟೆ. ಅದು ಮಂಜುಗಡ್ಡೆ ಒಡೆಯುತ್ತ ಹೋಯಿತು, ಕುರಿಗಳು ಹಿಂದೆಯೇ ತಲೆ ತಗ್ಗಿಸಿ ಮೇಯ್ದವು. ಮಧ್ಯಾಹ್ನ ಬೀಳುತ್ತಿದ್ದ ಹಿಮ ಕೊಂಚ ತೆಳುವಾದಾಗ ಎದುರು ಗುಡ್ಡ ಕಂಡಿತು. ಚೊಯುನನ ಮಂದೆ ಅಲುಗದೆ ನಿಂತಿತ್ತು. ಅವನು ಸಲಿಕೆಯಿಂದ ಮಂಜುಗಡ್ಡೆ ಒಡೆಯುತ್ತಿದ್ದ. ತೆರೆದ ನೆಲ ಒಂದು ಕಂಬಳಿಯಷ್ಟೂ ಇರಲಿಲ್ಲ. ನಮ್ಮ ಕಡೆಗೆ ಅವನು ಒಮ್ಮೆಯೂ ನೋಡಲಿಲ್ಲ.

ಕುದುರೆಗೆ ಹಗ್ಗ ಕಟ್ಟಿದೆ.

“ಕೊಟ್ಟರೆ ನಮ್ಮವು ನಾಡಿದ್ದಿಗೆ ಬೀಳ್ತಾವೆ,” ಅಂದರು ಅತ್ತೆ.

“ಗೊತ್ತು.”

“ಗೊತ್ತಿದ್ದೂ ಹೋಗ್ತೀಯ.”

ಎದುರು ಗುಡ್ಡ ಹತ್ತಿ ಬಂದ ನನ್ನನ್ನು ಕಂಡು ಚೊಯುನ್ ಸಲಿಕೆ ಊರಿ ನಿಂತ. “ಯಾಕಮ್ಮಾ, ಈ ಗಾಳೀಲಿ?”

“ಮೆಡೆರ್ ತಂದದ್ದು, ಅಣ್ಣ.”

“ಹೆಣದ ಮುಂದೆ ಕುದುರೆ ಕೇಳೋಕೆ ನಾಲಿಗೆ ಏಳಲಿಲ್ಲ,” ಎಂದ. “ಬಿಟ್ಟೆ ಅನ್ನೋಕೂ ಆಗಲಿಲ್ಲ. ನಂಗೂ ಇರೋದು ಇದೊಂದೇ.”

“ಗೊತ್ತಾಯ್ತು.”

ಆಗ ಅವನು ನಮ್ಮ ಗುಡ್ಡದ ಕಡೆ ನೋಡಿದ. “ನಿಮ್ಮವನ್ನೂ ಹೊಡ್ಕೊಂಡು ಬಾ. ನಮ್ಮವು ಮೇಯ್ದು ಉಳಿದರೆ…”

ಹಿಮ ಮತ್ತೆ ದಟ್ಟವಾಗುತ್ತಿತ್ತು. ಹಗ್ಗವನ್ನು ಅವನ ಕೈಗೆ ಕೊಟ್ಟೆ.