ಬೀಗಿತ್ತಿಯರ ಮುಂದಿನ ಹಡಗು

ಆ ಹಡಗು ಹತ್ತಬೇಕಾಗಿದ್ದವರು ಮದುವೆಯಾಗಿ ಎರಡು ವರ್ಷವಾಗಿದ್ದ ಗಂಡ ಹೆಂಡತಿ. ಹತ್ತಿದವರು ಅವರಿಬ್ಬರ ತಾಯಂದಿರು.

ಹೊರಡಲು ಒಂದು ವಾರ ಇದೆ ಎನ್ನುವಾಗ ಹುಡುಗ ಬಲ್ಬು ಬದಲಾಯಿಸಲು ಏಣಿ ಹತ್ತಿ, ಇಳಿಯುವಾಗ ಕೊನೆಯ ಮೆಟ್ಟಿಲೂ ಮುಗಿಯಿತೆಂದುಕೊಂಡು ಮುಗ್ಗರಿಸಿ ಕಾಲು ಮುರಿದುಕೊಂಡ. ದುಡ್ಡು ವಾಪಸ್ ಕೊಡುವುದಿಲ್ಲ, ಬೇಕಾದರೆ ಹೆಸರು ಬದಲಾಯಿಸಿಕೊಡುತ್ತೇವೆ ಎಂದರು ಹಡಗಿನವರು. ಗಂಡನನ್ನು ನೋಡಿಕೊಳ್ಳಲು ಹೆಂಡತಿ ಮನೆಯಲ್ಲೇ ನಿಂತಳು. ಕಟ್ಟಿದ ಹಣ ನೀರಿಗೆ ಬೀಳಬಾರದೆಂದು ಇಬ್ಬರು ಅಮ್ಮಂದಿರನ್ನೇ ನೀರಿಗಿಳಿಸಿದರು.

ಹುಡುಗಿಯ ತಾಯಿ ಬೇಕರಿ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಒಲೆ ಆರಲು ಬಿಟ್ಟವಳಲ್ಲ. ಬೀದಿಗೆಲ್ಲ ಅವಳು ಬೇಕರಿಯಮ್ಮ. ಹುಡುಗನ ತಾಯಿ ಸಿಟಿ ಬಸ್ ಓಡಿಸಿ ಆಗಷ್ಟೇ ನಿವೃತ್ತಳಾಗಿದ್ದಳು; ಅವಳು ಡ್ರೈವರಮ್ಮ. ಅವಳ ಯಜಮಾನರಿಗೆ ನೀರೆಂದರೆ ಆಗದು. "ಸ್ನಾನಕ್ಕೇ ಮುಹೂರ್ತ ನೋಡೋ ಮನುಷ್ಯ, ಸಮುದ್ರಕ್ಕೆ ಬರ್ತಾರಾ?" ಎಂದು ಡ್ರೈವರಮ್ಮ ಒಬ್ಬಳೇ ಪೆಟ್ಟಿಗೆ ಕಟ್ಟಿದ್ದಳು.

ಎರಡು ವರ್ಷದಲ್ಲಿ ಈ ಬೀಗಿತ್ತಿಯರು ಭೇಟಿಯಾಗಿದ್ದೇ ಕೆಲವು ಸಲ. ಆಗಲೂ ಸೋಫಾದ ಅಂಚಿನಲ್ಲಿ ಕೂತು, ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು, "ಎಲ್ಲಾ ಚೆನ್ನಾಗಿದೀರಾ?" "ಚೆನ್ನಾಗಿದೀವಿ, ನೀವು?" ಎನ್ನುವಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಈಗ ಒಂದೇ ಕ್ಯಾಬಿನ್. ಒಳಗೆ ಹೋಗಿ ನೋಡಿದರೆ ಗಂಡ ಹೆಂಡತಿಗೆಂದು ಜೋಡಿಸಿಟ್ಟಿದ್ದ ದೊಡ್ಡ ಮಂಚ, ಅದರ ಮೇಲೆ ಟವೆಲ್ಲಿನಲ್ಲಿ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು ಕೂತಿದ್ದವು.

ಇಬ್ಬರೂ ಹಂಸಗಳನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಬೀಗರೇ, ನೀವು ಕಿಟಕಿ ಕಡೆ ಮಲಗಿ," ಎಂದಳು ಬೇಕರಿಯಮ್ಮ.

"ಅಯ್ಯೋ, ಎಲ್ಲಾದ್ರೂ ಉಂಟಾ! ಕಿಟಕಿ ಕಡೆ ನೀವೇ."

ಕೊನೆಗೆ ಕ್ಯಾಬಿನ್ ನೋಡಿಕೊಳ್ಳುವವನನ್ನು ಕರೆಸಿ ಮಂಚವನ್ನು ಎರಡು ಮಾಡಿಸಿದ್ದಾಯಿತು. ಆದರೆ ಉಪಚಾರ ಅಷ್ಟಕ್ಕೇ ನಿಲ್ಲಲಿಲ್ಲ. ಬೆಳಿಗ್ಗೆ ಬಚ್ಚಲಿಗೆ "ನೀವು ಮೊದಲು ಹೋಗಿ" "ಇಲ್ಲ, ನೀವು ಮೊದಲು" ಎಂದು ಹಗ್ಗ ಜಗ್ಗಿದ್ದೇ ಜಗ್ಗಿದ್ದು. ಇಬ್ಬರೂ ತಯಾರಾಗಿ ಊಟದ ಹಾಲಿಗೆ ಬರುವಷ್ಟರಲ್ಲಿ ತಿಂಡಿಯ ತಟ್ಟೆಗಳನ್ನು ಒಳಗೆ ಒಯ್ಯುತ್ತಿದ್ದರು. ಇಬ್ಬರಿಗೂ ಹೊಟ್ಟೆ ಚುರುಗುಟ್ಟುತ್ತಿದ್ದರೂ "ನಂಗೇನೂ ಹಸಿವಿಲ್ಲಪ್ಪ" ಎಂದುಕೊಂಡರು.

ಈ ಬಿಗುಮಾನವನ್ನು ಮುರಿದದ್ದು ಸಮುದ್ರ. ಮೂರನೆಯ ದಿನ ಮಧ್ಯಾಹ್ನ ಗಾಳಿ ಎದ್ದು ಹಡಗು ತೊಟ್ಟಿಲಿನಂತೆ ತೂಗತೊಡಗಿತು. ಗುಂಡಿ ಬಿದ್ದ ರಸ್ತೆಯಲ್ಲಿ ಆಯುಷ್ಯ ಕಳೆದ ಡ್ರೈವರಮ್ಮನೇ ಮೊದಲು ಮಲಗಿದಳು. ಮುಖ ಹಸಿರುಗಟ್ಟಿತು. ಬೇಕರಿಯಮ್ಮ ಓಡಿಹೋಗಿ ಒಣ ಬ್ರೆಡ್ಡಿನ ಅಂಚುಗಳನ್ನು ತಂದು, ಚೂರು ಚೂರೇ ಅವಳ ಬಾಯಿಗಿಟ್ಟಳು. ಒದ್ದೆ ಬಟ್ಟೆ ಹಣೆಗೆ ಹಾಕಿದಳು. ಬಕೆಟ್ಟು ಹಿಡಿದಳು. ಬಕೆಟ್ಟು ಹಿಡಿದವರ ಮುಂದೆ ಯಾವ ಮರ್ಯಾದೆ ಉಳಿಯುತ್ತದೆ?

"ಬಸ್ಸಲ್ಲಿ ವಾಂತಿ ಮಾಡೋರ್ನ ಕಂಡ್ರೆ ಎಷ್ಟು ಬೈದಿದೀನಿ ಗೊತ್ತಾ," ಎಂದಳು ಡ್ರೈವರಮ್ಮ, ಸ್ವಲ್ಪ ಸುಧಾರಿಸಿಕೊಂಡ ಮೇಲೆ. "'ತಲೆ ಕಿಟಕಿ ಆಚೆ ಹಾಕ್ರೀ' ಅಂತಿದ್ದೆ. ಇಲ್ಲಿ ಕಿಟಕೀನೂ ತೆಗೆಯಲ್ಲ."

"ತೆಗೆದ್ರೂ ಮೀನುಗಳು ಬೈತಿದ್ವು ಬಿಡಿ."

ಡ್ರೈವರಮ್ಮನಿಗೆ ನಗು ಬಂತು, ನಕ್ಕರೆ ಹೊಟ್ಟೆ ತೊಳಸಿತು, ಆದರೂ ನಕ್ಕಳು. ಸಂಜೆ ಗಾಳಿ ಇಳಿಯುವ ಹೊತ್ತಿಗೆ ಇಬ್ಬರೂ ಮಂಚದ ಮೇಲೆ ಕಾಲು ಚಾಚಿ ಕೂತು ಮಕ್ಕಳ ಗುಟ್ಟು ಬಿಡುತ್ತಿದ್ದರು. ಅಳಿಯ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುತ್ತಾನೆಂದು ಬೇಕರಿಯಮ್ಮ ತುಂಬ ದಿನದಿಂದ ಹೇಳಬೇಕೆಂದಿದ್ದಳು. "ಅವನಪ್ಪನ ಬುದ್ಧಿ. ಹೇಳಿ ಹೇಳಿ ನನ್ನ ಬಾಯಿ ಸವೀತು," ಎಂದಳು ಡ್ರೈವರಮ್ಮ. ಸೊಸೆ ಒಂದೇ ಮಾತನ್ನು ಮೂರು ಸಲ ಹೇಳುತ್ತಾಳೆಂದು ಅವಳ ದೂರು. "ಮೂರೇ ಸಲಾನಾ? ಹಾಗಾದ್ರೆ ಸುಧಾರಿಸಿದಾಳೆ!" ಎಂದಳು ಬೇಕರಿಯಮ್ಮ.

ಅಂದಿನಿಂದ ಬಚ್ಚಲಿಗೆ ಮೊದಲು ಎದ್ದವರು ಮೊದಲು.

ಊಟದ ಹಾಲಿಗೆ ಹೋಗುವ ಮೆಟ್ಟಿಲ ಪಕ್ಕದಲ್ಲಿ ಒಂದು ಮೇಜಿತ್ತು. ಅಲ್ಲಿ ನಗುಮುಖದ ಹುಡುಗಿಯೊಬ್ಬಳು ಮುಂದಿನ ಪ್ರಯಾಣದ ಕ್ರೆಡಿಟ್ ಮಾರುತ್ತಿದ್ದಳು. ಈಗ ಸ್ವಲ್ಪ ಮುಂಗಡ ಕಟ್ಟಬೇಕು. ಎರಡು ವರ್ಷದೊಳಗೆ ಯಾವ ಹಡಗಾದರೂ, ಯಾವ ದಿನವಾದರೂ ಆರಿಸಿಕೊಳ್ಳಬಹುದು. ಕಟ್ಟಿದ್ದನ್ನು ಆ ಟಿಕೆಟ್ಟಿನಲ್ಲಿ ಮುರಿದುಕೊಳ್ಳುತ್ತಾರೆ. ಈ ಪ್ರಯಾಣದಲ್ಲೇ ತೆಗೆದುಕೊಂಡರೆ ಈ ಹಡಗಿನೊಳಗೆ ಖರ್ಚು ಮಾಡಲು ಒಂದಿಷ್ಟು ಹಣ ಉಡುಗೊರೆ. ಹೋಗದಿದ್ದರೆ ಮಾತ್ರ ಮುಂಗಡ ವಾಪಸ್ ಬರುವುದಿಲ್ಲ.

ಆ ರಾತ್ರಿಯ ಊಟದಲ್ಲಿ ಅದೇ ಮಾತು ಬಂತು.

"ಕೇಕಿಗೆ ಅಡ್ವಾನ್ಸ್ ಇಸ್ಕೊಳ್ಳೋಳು ನಾನು," ಎಂದಳು ಬೇಕರಿಯಮ್ಮ. "ಯಾಕೆ ಇಸ್ಕೊಳ್ತೀವಿ ಹೇಳಿ? ಗಿರಾಕಿ ಬೇರೆ ಅಂಗಡಿ ಮೆಟ್ಟಿಲು ಹತ್ತಬಾರದು ಅಂತ. ಅಡ್ವಾನ್ಸಿನಿಂದ ಲಾಭ ಇಸ್ಕೊಂಡೋರಿಗೆ, ಕೊಟ್ಟೋರಿಗಲ್ಲ. ಇದೆಲ್ಲ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ."

"ನಂಗೆ ಹಾಗನ್ಸಲ್ಲ. ತಿಂಗಳ ಪಾಸ್ ಇರೋರ್ನ ನಾನು ನೋಡಿದೀನಿ. ಕೆಲಸ ಇಲ್ದಿದ್ರೂ ಮನೆ ಬಿಟ್ಟು ಹೊರಡ್ತಾರೆ. ಚಿಲ್ಲರೆ ಎಣಿಸಿ ಟಿಕೆಟ್ ತಗೊಳ್ಳೋರು, ನಾಳೆ ಹೋದ್ರಾಯ್ತು ಅಂತ ಬಾಗಿಲಲ್ಲೇ ನಿಲ್ತಾರೆ."

ಅದೇ ಮೇಜಿಗೆ ಊಟಕ್ಕೆ ಕೂರುತ್ತಿದ್ದ ಹಲ್ಲಿನ ಡಾಕ್ಟರು ಹಡಗಿನಲ್ಲೇ ಮುದುಕರಾದವರಂತಿದ್ದರು. ಅವರು ಚಮಚ ಕೆಳಗಿಟ್ಟು ಹೇಳಿದರು: "ನಾನು ಐದು ಸಲ ತಗೊಂಡಿದೀನಿ. ನಾಲ್ಕು ಸಲ ಬಂದೆ, ಉಡುಗೊರೆ ದುಡ್ಡು ಲಾಭ ಆಯ್ತು. ಒಂದು ಸಲ ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ಎರಡು ವರ್ಷ ಕಳೆದು ಎಲ್ಲಾ ಗೋವಿಂದ. ಹೋಗ್ತೀನಿ ಅನ್ನೋರು ತಗೋಬೇಕು. ಹೋಗಬಹುದು ಅನ್ನೋರು ತಗೋಬಾರದು."

"ನಾನು ಬೇಕರಿ ಮುಚ್ಚಿ ಇನ್ನೊಂದ್ಸಲ ಬರೋದಾ? ಕನಸಿನ ಮಾತು," ಎಂದಳು ಬೇಕರಿಯಮ್ಮ. ಡ್ರೈವರಮ್ಮ ಸಿಹಿಯ ಬಟ್ಟಲಿನಲ್ಲಿ ಚಮಚ ಆಡಿಸುತ್ತ ಕೂತಳು.

ಆ ಚಮಚದ ಸದ್ದು ಬೇಕರಿಯಮ್ಮನನ್ನು ಬಿಡಲಿಲ್ಲ. ಬೇಡ ಎಂದವಳು ತಾನೇ. ಆದರೂ ಮನೆಗೆ ಹೋದ ಮೇಲೆ ಮತ್ತೆ ಸೋಫಾದ ಅಂಚು, ಮತ್ತೆ "ಚೆನ್ನಾಗಿದೀರಾ" ಎಂದು ನೆನೆದರೆ ಏನೋ ಕಸಿವಿಸಿ. ಮಗಳ ಮದುವೆಯಾದ ಮೇಲೆ ಇಷ್ಟು ನಕ್ಕ ನೆನಪೇ ಅವಳಿಗಿರಲಿಲ್ಲ. ಆದರೆ ಬೀಗರನ್ನು "ಇನ್ನೊಂದು ಸಲ ನನ್ನ ಜೊತೆ ಬರ್ತೀರಾ" ಎಂದು ಕೇಳುವುದು ಹೇಗೆ? ಅವರು ಮುಖದಾಕ್ಷಿಣ್ಯಕ್ಕೆ ಹೂಂ ಎಂದರೆ?

ಕೊನೆಯ ದಿನ ಬೆಳಿಗ್ಗೆ ಡ್ರೈವರಮ್ಮ, "ಮೇಲೆ ಒಂದು ಸುತ್ತು ಹಾಕ್ಕೊಂಡು ಬರ್ತೀನಿ," ಎಂದು ಹೊರಟಳು. ಬೇಕರಿಯಮ್ಮ, "ನಂಗೆ ತಲೆ ಭಾರ, ಮಲಗ್ತೀನಿ," ಎಂದು ಹೊದ್ದುಕೊಂಡಳು. ಬಾಗಿಲು ಮುಚ್ಚಿದ್ದೇ ತಡ, ಎದ್ದು, ಚಪ್ಪಲಿ ಮೆಟ್ಟಿ, ಮೆಟ್ಟಿಲ ಪಕ್ಕದ ಮೇಜಿನ ಹತ್ತಿರ ಹೋದಳು. ಅಲ್ಲಿ ಸಾಲಿತ್ತು. ಅವಳ ಮುಂದೆ ಬೀರುವಿನಂಥ ಒಬ್ಬ ಮನುಷ್ಯ. ಅವನ ಆಚೆಯಿಂದ ಬಂದ ದನಿ ಕೇಳಿ ಅವಳ ಕಿವಿ ನೆಟ್ಟಗಾಯಿತು.

"ಇಬ್ಬರಿಗೆ, ಒಂದೇ ಕ್ಯಾಬಿನ್," ಎನ್ನುತ್ತಿದ್ದಳು ಡ್ರೈವರಮ್ಮ. "ಇನ್ನೊಬ್ಬರು ನಮ್ಮ ಬೀಗಿತ್ತಿ. ಆದ್ರೆ ಅವರಿಗೆ ಹೇಳಿಲ್ಲ ಕಣಮ್ಮ. ಅವರಿಗೆ ಅಂಗಡಿ ಬಿಟ್ಟು ಬರೋಕಾಗಲ್ಲ ಅಂತಾರೆ. ಬರದೇ ಹೋದ್ರೆ ಏನ್ಮಾಡ್ಲಿ?"

"ಬೇರೆಯವರನ್ನ ಕರ್ಕೊಂಡು ಬರಬಹುದಮ್ಮ," ಎಂದಳು ಮೇಜಿನ ಹುಡುಗಿ.

"ಬೇರೆಯವರು ಯಾರಿಗೆ ಬೇಕು?"

ಬೇಕರಿಯಮ್ಮನಿಗೆ ಅಲ್ಲೇ ಅಡಗಿ ನಿಲ್ಲಬೇಕೋ, ಓಡಿಹೋಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಬೀರುವಿನಂಥ ಮನುಷ್ಯ ಶೂ ಲೇಸು ಕಟ್ಟಲು ಬಗ್ಗಿದ. ಅವನ ಬೆನ್ನಿನ ಮೇಲಿನಿಂದ ಇಬ್ಬರೂ ಎದುರುಬದುರಾದರು.

"ನೀನೂ ಬಂದ್ಯಾ!" ಎಂದಳು ಡ್ರೈವರಮ್ಮ.

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಬೀಗರನ್ನು ಏಕವಚನದಲ್ಲಿ ಕರೆದಿದ್ದಳು, ಅದೂ ಸಾಲಿನಲ್ಲಿ ನಿಂತವರೆಲ್ಲರ ಮುಂದೆ. ಬೇಕರಿಯಮ್ಮನ ಮುಖ ಅರಳಿತು.

"ಬಂದೆ ಕಣೇ," ಎಂದಳು. "ನಿನಗೆ ಹೇಳದೆ ನಾನೇ ತಗೊಂಡುಬಿಡೋಣ ಅಂತ ಬಂದೆ."

"ಅಡ್ವಾನ್ಸ್ ಅಂದ್ರೆ ಇಸ್ಕೊಂಡೋರಿಗೆ ಲಾಭ ಅಂದೆ?"

"ಲಾಭ ಅವರಿಗೇ. ಇರಲಿ ಬಿಡು, ಪಾಪ."

ಮೇಜಿನ ಹುಡುಗಿ ನಗು ತಡೆದುಕೊಂಡು, ಒಂದು ಕ್ಯಾಬಿನ್ನಿಗೆ ಒಂದು ಕ್ರೆಡಿಟ್ ಸಾಕು, ಎರಡು ಬೇಡ ಎಂದಳು. ಆಗ ಶುರುವಾಯಿತು ಯಾರು ಕೊಡಬೇಕೆಂಬ ಜಗಳ. ಇವಳ ಕಾರ್ಡು ಅವಳು ತಳ್ಳಿದಳು, ಅವಳ ಕೈ ಇವಳು ಹಿಡಿದಳು. "ಅಮ್ಮಂದಿರೇ, ಅರ್ಧರ್ಧ ಮಾಡ್ಕೊಳ್ಳಿ, ನನ್ನ ಹೆಂಡ್ತಿ ಕಾಯ್ತಿದಾಳೆ," ಎಂದ ಬೀರುವಿನಂಥ ಮನುಷ್ಯ. ಹಾಗೆಯೇ ಮಾಡಿಕೊಂಡರು.

ಉಡುಗೊರೆಯಾಗಿ ಬಂದ ಹಣವನ್ನು ಅಂದೇ ಮುಗಿಸಬೇಕಿತ್ತು. ಇಬ್ಬರೂ ಹೋಗಿ ಪಾದ ತಿಕ್ಕುವ ಕೋಣೆಯಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತರು. ಕ್ಲಚ್ಚು ಒತ್ತಿ ಒತ್ತಿ ಡ್ರೈವರಮ್ಮನ ಎಡಗಾಲಿನಲ್ಲಿ ಗಟ್ಟಿ ಆಣಿ. ಒಲೆಯ ಮುಂದೆ ನಿಂತು ನಿಂತು ಬೇಕರಿಯಮ್ಮನ ಹಿಮ್ಮಡಿಯೆಲ್ಲ ಬಿರುಕು. ತಿಕ್ಕುವ ಹೆಂಗಸು ಬೆರಳ ಸಂದಿಗೆ ಕೈ ಹಾಕಿದ ಕೂಡಲೇ ಡ್ರೈವರಮ್ಮ ಕಚಗುಳಿ ತಾಳಲಾರದೆ ಕಾಲು ಝಾಡಿಸಿದಳು. ಸೋಪಿನ ನೀರೆಲ್ಲ ನೆಲದ ಪಾಲಾಯಿತು.

ಮನೆಗೆ ಬಂದ ಮೇಲೆ ಹುಡುಗ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ತಾಯಿಗೆ ಬುದ್ಧಿ ಹೇಳಿದ. "ಅಮ್ಮ, ಇದೆಲ್ಲ ಮಾರೋರ ಚಮತ್ಕಾರ. ಮನೇಲಿ ಕೂತು ಹುಡುಕಿದ್ರೂ ಅದೇ ರೇಟಿಗೆ ಸಿಗತ್ತೆ."

"ಸಿಗತ್ತೆ ಕಣೋ. ಹುಡುಕೋರು ಯಾರು?" ಎಂದಳು ಡ್ರೈವರಮ್ಮ.

ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಮೊದಲ ವರ್ಷ ಮದುವೆಯ ಕೇಕುಗಳ ಗಡಿಬಿಡಿಯಲ್ಲಿ ಹೋಯಿತು. ಆಮೇಲೆ ಡ್ರೈವರಮ್ಮನ ಯಜಮಾನರ ಕಣ್ಣಿನ ಆಪರೇಷನ್ ಬಂತು. ಅಷ್ಟರಲ್ಲಿ ಹಡಗಿನ ದರವೂ ಏರಿತು. ಉಡುಗೊರೆಯಾಗಿ ಸಿಕ್ಕಿದ್ದು ಏರಿದ ದರಕ್ಕೆ ಸರಿಹೋಯಿತೆಂದು ಬೇಕರಿಯಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ಲಾಭವೂ ಇಲ್ಲ, ನಷ್ಟವೂ ಇಲ್ಲ. ಹೋಗದಿದ್ದರೆ ಮಾತ್ರ ಪೂರಾ ನಷ್ಟ. ಅವಧಿ ಮುಗಿಯುತ್ತ ಬಂದಾಗ ಡ್ರೈವರಮ್ಮ ಒಂದು ಬೆಳಿಗ್ಗೆ ನೇರ ಬೇಕರಿಗೆ ಬಂದು, ಹಿಟ್ಟು ನಾದುತ್ತಿದ್ದವಳ ಎದುರಿಗೆ ಸ್ಟೂಲು ಎಳೆದು ಕೂತಳು.

"ತಾರೀಖು ಹೇಳು. ಹೇಳೋವರೆಗೂ ಏಳಲ್ಲ."

"ಅಂಗಡಿ ಮುಚ್ಚಿದ್ರೆ ಗಿರಾಕಿ ತಪ್ಪಿ ಹೋಗ್ತಾರೆ ಕಣೇ."

"ದುಡ್ಡು ಹೋದ್ರೆ ಹೋಗ್ಲಿ. ಆದ್ರೆ ಕೈಯಲ್ಲಿ ಪಾಸ್ ಇಟ್ಕೊಂಡು ಬಾಗಿಲಲ್ಲಿ ನಿಂತೋಳು ಅಂತ ನಾನು ಅನ್ನಿಸ್ಕೊಳ್ಳಲ್ಲ."

ಬಂದ ಗಿರಾಕಿಗಳು ಸ್ಟೂಲನ್ನು ಬಳಸಿಕೊಂಡು ಹೋಗಬೇಕಾಯಿತು. ಕೊನೆಗೆ ಬೇಕರಿಯಮ್ಮ ಹಿಟ್ಟಿನ ಕೈಯಲ್ಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳೊತ್ತಿದಳು. ಅಂಗಡಿ ನೋಡಿಕೊಳ್ಳುತ್ತೇವೆಂದು ಮಗಳು ಅಳಿಯ ರಜೆ ಹಾಕಿದರು. ಪರೀಕ್ಷೆಗೆಂದು ಅವರು ಬೇಯಿಸಿದ ಮೊದಲ ಬ್ರೆಡ್ಡಿನಿಂದ ಮೊಳೆ ಹೊಡೆಯಬಹುದಿತ್ತು. ಎರಡನೆಯದನ್ನು ಬಾಯಿಗಿಡಬಹುದಿತ್ತು. ಮೂರನೆಯದಕ್ಕೆ ಬೇಕರಿಯಮ್ಮ, "ಹೂಂ, ನಡೆಯತ್ತೆ," ಎಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಬಿರುದನ್ನು ಯಾರೂ ಪಡೆದಿರಲಿಲ್ಲ.

ಹೊರಟೇ ಹೊರಟರು. ಆ ಸಲ ಕ್ರೆಡಿಟ್ ಮಾರುವ ಮೇಜಿನ ಹತ್ತಿರ ನಿಲ್ಲಲಿಲ್ಲ. ಮುಂದಿನ ವರ್ಷ ಯಜಮಾನರನ್ನೂ ಕರೆದುಕೊಂಡು ರೈಲಿನಲ್ಲಿ ಬೆಟ್ಟ ನೋಡಲು ಹೋಗುವುದೆಂದು ಮೊದಲೇ ಮಾತಾಗಿತ್ತು. ಹಡಗಿನಲ್ಲಿ ಹೋಗುವುದಿಲ್ಲವೆಂದು ಗೊತ್ತಿದ್ದ ಮೇಲೆ ಕಟ್ಟುವುದೇಕೆ? ಮತ್ತೆ ಜೊತೆಯಾಗಿ ಹೋಗುವುದು ಗೊತ್ತಿರಬೇಕಾದದ್ದು ತಮ್ಮಿಬ್ಬರಿಗೆ, ಹಡಗಿನವರಿಗಲ್ಲ ಎಂದು ಈಗ ಅವರಿಗೆ ತಿಳಿದಿತ್ತು.

ದಾರಿಯಲ್ಲಿ ಹಡಗು ಒಂದು ಚಿಕ್ಕ ಬಂದರಿನಲ್ಲಿ ನಿಂತಿತು. ಇಬ್ಬರೂ ಇಳಿದು ಪೇಟೆ ಸುತ್ತುವಾಗ ಒಂದು ಓಣಿಯಲ್ಲಿ ಬ್ರೆಡ್ಡು ಬೇಯುವ ಪರಿಮಳ ಬಂತು. ಬೇಕರಿಯಮ್ಮ ಅಲ್ಲಿಂದ ಮುಂದಕ್ಕೆ ಕಾಲು ಕಿತ್ತಿಡಲಿಲ್ಲ. ಒಳಗೆ ಹೋದವಳು ಅಲ್ಲಿನ ಮುದುಕನ ಜೊತೆ ಕೈಸನ್ನೆಯಲ್ಲೇ ಒಲೆ, ಹಿಟ್ಟು, ಹುದುಗಿನ ವಿಚಾರ ಮಾತಾಡುತ್ತ ಹೊತ್ತು ಮರೆತಳು. ದೂರದಲ್ಲಿ ಹಡಗಿನ ಸೀಟಿ ಕೂಗಿತು.

"ಬಾರೇ, ಹಡಗು ಬಿಡತ್ತೆ!" ಎಂದು ಡ್ರೈವರಮ್ಮ ಕೂಗಿದಳು.

ಮುದುಕ ಬಿಸಿ ಬ್ರೆಡ್ಡೊಂದನ್ನು ಕಾಗದದಲ್ಲಿ ಸುತ್ತಿ ಅವಳ ಕೈಗೆ ತುರುಕಿದ. ಇಬ್ಬರೂ ಓಡಿದರು. ಓಣಿಯ ತುದಿಯಲ್ಲಿ ಒಂದು ಬಸ್ಸು ಹೊರಡುತ್ತಿತ್ತು. ಡ್ರೈವರಮ್ಮ ರಸ್ತೆಗಿಳಿದು ಎರಡೂ ಕೈ ಎತ್ತಿ ಅಡ್ಡ ನಿಂತಳು. ಡ್ರೈವರ್ ಬೈಯಲು ಬಾಯಿ ತೆರೆದ. ಅವಳು ಗಾಳಿಯಲ್ಲಿ ಸ್ಟಿಯರಿಂಗ್ ತಿರುಗಿಸಿ, ಎದೆ ಮುಟ್ಟಿಕೊಂಡು, ಹಡಗಿನ ಕಡೆ ಕೈ ತೋರಿಸಿದಳು. ಅವನಿಗೆ ಏನು ಅರ್ಥವಾಯಿತೋ, ಬಾಗಿಲು ತೆರೆದು, ಅವನ ರೂಟಿನಲ್ಲೇ ಇಲ್ಲದ ಬಂದರಿನ ಗೇಟಿನವರೆಗೆ ತಂದು ಬಿಟ್ಟ.

ಏಣಿ ಎಳೆಯಲು ಕೈಹಾಕಿದ್ದವರು ಇಬ್ಬರನ್ನೂ ಕಂಡು ನಿಂತರು. ಮೇಲೆ ಹತ್ತಿದವರೇ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಸಿದು ಕೂತರು. ಬೇಕರಿಯಮ್ಮ ಕಾಗದ ಬಿಡಿಸಿ, ಬ್ರೆಡ್ಡನ್ನು ಮುರಿದು, ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಹೇಗಿದೆಯೇ?" ಎಂದಳು ಡ್ರೈವರಮ್ಮ.

"ಸುಮ್ಮನಿರು," ಎಂದಳು ಬೇಕರಿಯಮ್ಮ, ದೊಡ್ಡ ತುಂಡನ್ನು ಅವಳ ಕೈಗಿಡುತ್ತ. "ತಿನ್ನು, ಬಿಸಿ ಆರತ್ತೆ."