ಲೆಂಪಿಯ ಮೇಲಿದ್ದ ದೂರು

ಅಮ್ಮನ ಶವಪೆಟ್ಟಿಗೆಯ ಬಳಿ ಓದಬೇಕಾದ ಚೀಟಿಯನ್ನು ಐಲಾ ಅಪ್ಪನ ಕೋಟಿನ ಜೇಬಿಗೆ ಇಡುತ್ತಿದ್ದಾಗ ಹಿಂದಿನಿಂದ ಅಪ್ಪನ ಅಕ್ಕ ಹಿಲ್ಯಾ ಅತ್ತೆಯ ಮಾತು ಬಂತು. ಅತ್ತೆ ಪಿಸುಗುಟ್ಟಿದರೂ ಇಡೀ ಚರ್ಚಿಗೆ ಕೇಳಿಸುತ್ತದೆ.

“ಲೆಂಪಿ ಒಳ್ಳೆಯವಳೇ, ಹಟ ಒಂದು ಜಾಸ್ತಿ. ಬಸುರಿ, ಅಷ್ಟು ಕಾದ ಸೌನಾದ ಹಬೆಯಲ್ಲಿ ಕೂತು ಸ್ನಾನ ಮಾಡ್ಬೇಡ ಅಂದ್ರೆ ಕೇಳಿದ್ಲಾ? ಹುಟ್ಟಿದ ಎರಡು ಕೂಸೂ ಊದಿಕೊಂಡು ತೀರಿಹೋದ್ವು.”

“ಇವತ್ತಾದ್ರೂ ಬಿಡಿ, ಅತ್ತೆ.”

“ಇಲ್ಲದ್ದೇನು ಹೇಳಿದೆ ನಾನು?”

ಐಲಾಳಿಗೆ ಸಿಟ್ಟೂ ಬರಲಿಲ್ಲ. ಬೆಳಗಿನಿಂದ ಕಾಫಿ ಕಾಸಿದ್ದಳು, ಮೇಜಿನ ಬಟ್ಟೆಗೆ ಇಸ್ತ್ರಿ ಹಾಕಿದ್ದಳು. ಮನಸ್ಸಿಗೆ ಜೋಮು ಹಿಡಿದಿತ್ತು. ಅಮ್ಮ ಲೆಂಪಿ ನಲವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಗಂಜಿ ಕಲಕಿದವಳು, ಈ ದೂರನ್ನೂ ಅಷ್ಟೇ ವರ್ಷ ಕೇಳಿದವಳು. ಅಪ್ಪ ಟೌನೊ ಮಾತಿಗೆ ಜಿಪುಣ. ಈಗಲೂ ನೆಲ ನೋಡುತ್ತಿದ್ದ.

*

ಮೂರು ವರ್ಷದ ಹಿಂದೆ, ಆ ಹಳೆಯ ಸಾವುಗಳ ಕಾರಣ ಪತ್ತೆಯಾಗಿ, ಆಸ್ಪತ್ರೆಯ ಡಾಕ್ಟರಮ್ಮ ಮನೆಗೇ ಬಂದಿದ್ದರು.

“ಮೂತ್ರಪಿಂಡದಲ್ಲಿ ಸೋಸೋ ಜೀವಕೋಶಗಳು ಒಂದಕ್ಕೊಂದು ಹಿಡಿದುಕೊಂಡಿರ್ತವೆ. ಆ ಹಿಡಿತಕ್ಕೆ ಒಂದು ಅಂಟು ಬೇಕು. ನಿಮ್ಮ ಕೂಸುಗಳಲ್ಲಿ ಅದೇ ಇರಲಿಲ್ಲ. ರಕ್ತದ ಸತ್ವವೆಲ್ಲ ಮೂತ್ರದಲ್ಲಿ ಹೋಯ್ತು, ಮೈ ಊದಿತು. ನಮ್ಮ ಫಿನ್ಲೆಂಡಿನಲ್ಲೇ ಇದು ಹೆಚ್ಚು.”

“ಸೌನಾದಿಂದ ಅಲ್ವಾ?” ಲೆಂಪಿ ಕೇಳಿದಳು.

“ಅಲ್ಲಮ್ಮ. ತಾಯಿ ಕಡೆಯಿಂದ ಒಂದು ದೋಷ, ತಂದೆ ಕಡೆಯಿಂದ ಒಂದು. ಎರಡೂ ಸೇರಿದ್ರೆ ಮಾತ್ರ ಹೀಗೆ.”

ಟೌನೊ ಎದ್ದು ಸೌದೆ ಕೊಟ್ಟಿಗೆಗೆ ಹೋದ.

“ಅತ್ತೆಗೆ ನಾನು ಹೇಳ್ಲಾ?” ಐಲಾ ಕೇಳಿದಳು.

“ಬೇಡ. ನಾವು ಹೇಳಿದ್ರೆ ತಪ್ಪಿನಿಂದ ಜಾರಿಕೊಂಡ ಹಾಗೆ. ನಿಮ್ಮಪ್ಪನೇ ಹೇಳಲಿ.”

ಆಮೇಲೆ ಅತ್ತೆ ಬಂದಾಗಲೆಲ್ಲ ಲೆಂಪಿ ಕಾಫಿ ಬಗ್ಗಿಸುತ್ತಾ ಗಂಡನ ಮುಖ ನೋಡುತ್ತಿದ್ದಳು. ಅವನು ಸಕ್ಕರೆ ಕಲಕುತ್ತಿದ್ದ.

*

ಚರ್ಚಿನಲ್ಲಿ ಪಾದ್ರಿ, ಶುರುಮಾಡಿ ಎಂಬಂತೆ, ತಲೆಯಾಡಿಸಿದರು. ಮೊದಲು ಗಂಡ, ಮಗಳು ಒಟ್ಟಿಗೆ, ಆಮೇಲೆ ಉಳಿದವರು. ಹೂವಿಟ್ಟು, ಚೀಟಿಯಲ್ಲಿದ್ದುದನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಇಷ್ಟು ಜನರ ಎದುರು ನಿಜ ಹೇಳಲು ಅಪ್ಪನಿಗೆ ಇನ್ನೊಂದು ಅವಕಾಶ ಸಿಗುವುದಿಲ್ಲವೆಂದು ಐಲಾಳಿಗೆ ಗೊತ್ತಿತ್ತು. ಆದರೂ ಅವಳು ಬರೆದುಕೊಟ್ಟದ್ದು ‘ಪ್ರೀತಿಯ ಲೆಂಪಿಗೆ’ ಅಂತ ಮಾತ್ರ.

ಟೌನೊ ಕನ್ನಡಕ ಹಾಕಿಕೊಂಡು ಚೀಟಿ ನೋಡಿದ. ಮಡಚಿ ಜೇಬಿಗಿಟ್ಟ.

“ಲೆಂಪಿ,” ಅಂದ. “ಕೂಸುಗಳ ವಿಷಯ. ಸೌನಾದಿಂದ ಆದದ್ದಲ್ಲ ಅದು. ಅರ್ಧ ನನ್ನ ರಕ್ತದಿಂದ ಬಂದದ್ದು. ಮೂರು ವರ್ಷದಿಂದ ಗೊತ್ತಿತ್ತು, ಹೇಳೋಕೆ ಬಾಯಿ ಬರಲಿಲ್ಲ.”

ಇಬ್ಬರೂ ತಲೆಬಾಗಿ ಬಂದು ಬೆಂಚಿನಲ್ಲಿ ಕೂತರು. ಐಲಾ ಅವನ ತೋಳು ಹಿಡಿದುಕೊಂಡಳು. ಆಗ ಅವಳಿಗೆ ಅಳು ಬಂತು.

ಮುಂದಿನ ಸರದಿ ಹಿಲ್ಯಾಳದು. ಅವಳು ಪೆಟ್ಟಿಗೆಯ ಎದುರು ನಿಂತು ಚೀಟಿ ಬಿಡಿಸಿದಳು. ಓದಲಿಲ್ಲ. ಹೂವನ್ನೂ ಇಡಲಿಲ್ಲ. ಅವಳ ಹಿಂದೆ, ಬಾಗಿಲವರೆಗೂ, ಹೂ ಹಿಡಿದವರ ಸಾಲು ನಿಂತೇ ಇತ್ತು.